ಶಿಶುಗಳ ಕಂಡೂರೋಗ ಮತ್ತು ಜೈನ ವೈದ್ಯ ಹಸ್ತಪ್ರತಿಗಳು: ಕೆಲವು ಶಬ್ದಗಳ ವಿಚಾರ

ದೃಷ್ಟಿವಾದಾಂಗದಲ್ಲಿ ಅಡಕವಾಗಿದ್ದ ಹದಿನಾಲ್ಕು ಪೂರ್ವಗಳ ಪೈಕಿ ಪ್ರಾಣಾವಾಯವೆಂಬುದು ಆಯುರ್ವೇದವಿಷಯಕವಾದದ್ದೆಂಬ ಸಂಗತಿ ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ಪರಂಪರೆಯನ್ನು ಮೂಲವಾಗಿ ಹೇಳಿಕೊಂಡು ಜೈನಾಚಾರ್ಯರೂ ಜೈನಕವಿಗಳೂ ಸಂಸ್ಕೃತ ಕನ್ನಡಗಳಲ್ಲಿ ರಚಿಸಿದ ವೈದ್ಯಗ್ರಂಥಗಳ ಸಂಖ್ಯೆ ಅಲ್ಪವಲ್ಲ. ಆದರೆ ಪುರಾಣ, ಸಿದ್ಧಾಂತ, ವ್ಯಾಕರಣ, ಛಂದಸ್ಸುಗಳ ಓಲೆಗರಿಗಳಿಗೆ ದೊರೆತ ಆದರ ವೈದ್ಯದ ಕಟ್ಟುಗಳಿಗೆ ದೊರೆತಿಲ್ಲ. ಗ್ರಂಥಭಂಡಾರಗಳ ಸೂಚಿಗಳಲ್ಲಿ ‘ವೈದ್ಯ, ಅಸಮಗ್ರ’, ‘ವೈದ್ಯಸಂಗ್ರಹ, ಕರ್ತೃ ಅಜ್ಞಾತ’ ಎಂಬ ಎರಡು ಮಾತಿನ ನಮೂದುಗಳೇ ಅವುಗಳ ಪಾಲಿಗೆ ಬಂದಿವೆ. ಇತ್ತೀಚಿನ ವರ್ಷಗಳಲ್ಲಿ ಇಂತಹ ಕಟ್ಟುಗಳನ್ನು ಲಿಪ್ಯಂತರಿಸಿ ಮುದ್ರಿಸುವ ಉತ್ಸಾಹ ಕಂಡುಬರುತ್ತಿರುವುದು ಸಂತೋಷದ ವಿಷಯ. ಆ ಸಂತೋಷದ ಜೊತೆಗೆ ಒಂದು ಆತಂಕವೂ ಇದೆ. ಪುರಾಣದ ಪಾಠವೊಂದು ತಪ್ಪಿದರೆ ಅರ್ಥ ಕೆಡುತ್ತದೆ. ವೈದ್ಯದ ಪಾಠ ತಪ್ಪಿದರೆ ಮಗುವೊಂದರ ಮೈ ಕೆಡುತ್ತದೆ. ಮಕ್ಕಳಿಗೆ ಮರಳಿ ಮರಳಿ ಬರುವ ತುರಿಕೆಯ ರೋಗಗಳನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಆಕರಗಳ ವಿಚಾರ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸಮಕಾಲೀನನೆನಿಸಿದ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ‘ಕಲ್ಯಾಣಕಾರಕ’ವು ೧೯೪೦ರಲ್ಲಿ ಸೊಲ್ಲಾಪುರದಿಂದ ಪಂ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಅದರಲ್ಲಿ ಆಚಾರ್ಯನು ತನಗಿಂತ ಹಿಂದಿನ ಜೈನ ವೈದ್ಯಗುರುಗಳನ್ನು ಅವರವರ ಶಾಖೆಯೊಡನೆ ಸ್ಮರಿಸುತ್ತಾನೆ: ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷ ಮತ್ತು ಗ್ರಹಶಮನಕ್ಕೆ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಶಿಶುವೈದ್ಯಕ್ಕೆ ಮೇಘನಾದ, ವೃಷ್ಯ ಮತ್ತು ರಸಾಯನಕ್ಕೆ ಸಿಂಹನಾದ. ಶಿಶುವೈದ್ಯಕ್ಕೆಂದೇ ಒಬ್ಬ ಪ್ರತ್ಯೇಕ ಆಚಾರ್ಯನಿದ್ದನೆಂಬುದು ಇಲ್ಲಿ ಗಮನಾರ್ಹ. ಮೇಘನಾದನ ಕೃತಿ ನಮಗೆ ಉಳಿದುಬಂದಿಲ್ಲ. ಹೆಸರು ಮಾತ್ರ ಉಳಿದಿದೆ. ಕನ್ನಡದಲ್ಲಿ ಸು. ೧೧೫೦ರ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. ಸು. ೧೨೦೦ರ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಹೆಸರೇ ಹೇಳುವಂತೆ ಮಕ್ಕಳಿಗೇ ಮೀಸಲಾದ ಕೃತಿ. ಸು. ೧೩೬೦ರ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯದ ದೊಡ್ಡ ಗ್ರಂಥ, ಮದ್ರಾಸು ವಿಶ್ವವಿದ್ಯಾನಿಲಯವು ಅದನ್ನು ೧೯೪೨ರಲ್ಲಿ ಪ್ರಕಟಿಸಿತು. ಇವುಗಳ ಸುತ್ತ ಮಠ, ಬಸದಿ, ಮನೆತನಗಳಲ್ಲಿ ಉಳಿದಿರುವ, ಕರ್ತೃವಿನ ಹೆಸರಿಲ್ಲದ ಕೈಮದ್ದಿನ ಕಟ್ಟುಗಳು ಅಸಂಖ್ಯ. ನಾವು ಇಂದು ಓದಿ ಮುದ್ರಿಸಲು ತೊಡಗಿರುವುದು ಮುಖ್ಯವಾಗಿ ಈ ಕಟ್ಟುಗಳನ್ನು.

ಇಂದು ಮಕ್ಕಳ ಮೈಮೇಲಿನ ಯಾವ ತುರಿಕೆಯನ್ನು ಕಂಡರೂ ‘ಅಲರ್ಜಿ’ ಎಂದುಬಿಡುವುದು ರೂಢಿಯಾಗಿದೆ. ಆದುದರಿಂದ ಹಸ್ತಪ್ರತಿಗಳಲ್ಲಿಯೂ ಅಲರ್ಜಿಯ ಮದ್ದನ್ನು ಹುಡುಕುವ ಪ್ರವೃತ್ತಿ ಬೆಳೆದಿದೆ. ಆದರೆ ಈ ಶಬ್ದದ ವಯಸ್ಸು ಬಹಳವಿಲ್ಲ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವನು ೧೯೦೬ರಲ್ಲಿ ಗ್ರೀಕ್ ಮೂಲದ ಎರಡು ಪದಗಳನ್ನು ಕೂಡಿಸಿ ಇದನ್ನು ಸೃಷ್ಟಿಸಿದನು. ಹೊರಗಿನ ವಸ್ತುವೊಂದಕ್ಕೆ ದೇಹವು ಬೇರೆ ಬಗೆಯಲ್ಲಿ ಪ್ರತಿಕ್ರಿಯಿಸುವುದು ಎಂಬಷ್ಟೇ ಅವನ ಅರ್ಥವಾಗಿತ್ತು. ಈ ಪ್ರತಿಕ್ರಿಯೆಯಲ್ಲಿ ಪಾತ್ರ ವಹಿಸುವ, ಐ.ಜಿ.ಇ. ಎಂದು ಕರೆಯುವ ಪ್ರೋಟೀನು ೧೯೬೬–೬೭ರಲ್ಲಿ ಪತ್ತೆಯಾಯಿತು. ಇಸುಬಿನ ಪ್ರವೃತ್ತಿಯುಳ್ಳ ಅನೇಕರಲ್ಲಿ ಚರ್ಮದ ಹೊರಪದರವನ್ನು ಭದ್ರವಾಗಿಡುವ ಫಿಲಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿಯೇ ದೋಷವಿರುತ್ತದೆಂಬುದು ೨೦೦೬ರಲ್ಲಿ ತಿಳಿದುಬಂತು. ಹೀಗಾಗಿ ಹನ್ನೆರಡನೆಯ ಶತಮಾನದ ಓಲೆಯಲ್ಲಿ ಇಪ್ಪತ್ತನೆಯ ಶತಮಾನದ ಪರಿಭಾಷೆಯನ್ನು ಓದುವುದು ಯುಕ್ತವಲ್ಲ.

ಇಂದಿನ ವೈದ್ಯರು ಮಕ್ಕಳಲ್ಲಿ ಮರುಕಳಿಸುವ ತುರಿಕೆಯನ್ನು ಮುಖ್ಯವಾಗಿ ಕೆಲವು ಬಗೆಯಾಗಿ ವಿಂಗಡಿಸುತ್ತಾರೆ. ಒಂದು, ಶೈಶವದಲ್ಲಿ ಕೆನ್ನೆಯಿಂದ ತೊಡಗಿ ಮುಂದೆ ಮೊಣಕೈ ಮೊಣಕಾಲುಗಳ ಮಡಿಕೆಗಳಲ್ಲಿ ನಿಲ್ಲುವ ಇಸುಬು. ಇದು ಅಂಟುರೋಗವಲ್ಲ, ಒಣಚರ್ಮ ಇದರ ಮೂಲಲಕ್ಷಣ. ಎರಡು, ಕ್ಷಣದಲ್ಲಿ ಎದ್ದು ಕೆಲವು ಗಂಟೆಗಳಲ್ಲಿ ಅಡಗಿ ಮತ್ತೊಂದೆಡೆ ಏಳುವ ಪಿತ್ತಗಂಧೆ. ಮೂರು, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹುಳು ಚರ್ಮದಲ್ಲಿ ಬಿಲ ತೋಡುವುದರಿಂದ ಬರುವ ತುರಿಕಜ್ಜಿ. ಇದು ಮನೆಮಂದಿಗೆಲ್ಲ ಅಂಟುತ್ತದೆ. ನಾಲ್ಕು, ಸೊಳ್ಳೆ ಮೊದಲಾದ ಕೀಟಗಳ ಕಡಿತಕ್ಕೆ ಎಳೆಯ ಮೈ ಅತಿಯಾಗಿ ಪ್ರತಿಕ್ರಿಯಿಸಿ ಏಳುವ ಗುಳ್ಳೆಗಳು. ಶಿಲೀಂಧ್ರದಿಂದ ಬರುವ ಹುಳುಕಡ್ಡಿ ಇವೆಲ್ಲಕ್ಕಿಂತ ಬೇರೆ. ಇವುಗಳಲ್ಲಿ ಒಂದರ ಮದ್ದು ಇನ್ನೊಂದಕ್ಕೆ ಸಲ್ಲದು. ಎಷ್ಟೋ ವೇಳೆ ಅದು ಕೇಡನ್ನೇ ಮಾಡುತ್ತದೆ. ಪ್ರಾಚೀನರು ಇವನ್ನು ಬೇರ್ಪಡಿಸಿ ನೋಡಿದ್ದರೇ ಎಂಬುದು ಮುಂದಿನ ಪ್ರಶ್ನೆ.

ನೋಡಿದ್ದರು, ಆದರೆ ತಮ್ಮದೇ ಆದ ರೀತಿಯಲ್ಲಿ. ಚರಕ, ಸುಶ್ರುತ ಸಂಹಿತೆಗಳ ಕುಷ್ಠಪ್ರಕರಣಗಳಲ್ಲಿ ‘ಕುಷ್ಠ’ವೆಂದರೆ ಕೇವಲ ಇಂದಿನ ಕುಷ್ಠರೋಗವಲ್ಲ, ಚರ್ಮರೋಗಗಳ ಸಮೂಹನಾಮ. ಚರಕನು ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠಗಳೆಂದು ವಿಂಗಡಿಸುತ್ತಾನೆ. ಕ್ಷುದ್ರಕುಷ್ಠಗಳಲ್ಲಿ ಒಂದಾದ ವಿಚರ್ಚಿಕೆಯನ್ನು ಚರಕನು ಕಪ್ಪುಛಾಯೆಯ, ಬಹುಸ್ರಾವವುಳ್ಳ, ನವೆಯ ಗುಳ್ಳೆಯೆಂದರೆ, ಸುಶ್ರುತನು ಅದನ್ನೇ ಗೆರೆಗಳೆದ್ದು ಅತಿಯಾಗಿ ನವೆಯುವ ರೂಕ್ಷವಾದ ರೋಗವೆನ್ನುತ್ತಾನೆ. ಒಬ್ಬನಿಗೆ ಅದು ಸೋರುವಂಥದು, ಇನ್ನೊಬ್ಬನಿಗೆ ಒಣಗಿದ್ದು. ಇದನ್ನು ಪರಸ್ಪರವಿರೋಧವೆಂದು ಎಣಿಸಿ ಒಂದು ಪಾಠವನ್ನು ತಿದ್ದಹೊರಡುವ ಸಂಪಾದಕನು ಒಂದು ಕ್ಷಣ ತಡೆಯಬೇಕು. ಇಸುಬು ಉಲ್ಬಣಿಸಿದಾಗ ಸೋರುತ್ತದೆ. ಬಹುಕಾಲ ಕೆರೆದ ಮೇಲೆ ಅದೇ ಜಾಗ ಒಣಗಿ, ದಪ್ಪಗಾಗಿ, ಗೆರೆ ಮೂಡುತ್ತದೆ. ಇಬ್ಬರು ಆಚಾರ್ಯರೂ ಒಂದೇ ವ್ಯಾಧಿಯ ಎರಡು ಅವಸ್ಥೆಗಳನ್ನು ಕಂಡಿರಬಹುದು.

ಪಾಮೆ ಮತ್ತು ಕಚ್ಛುಗಳ ವಿಷಯದಲ್ಲಿ ಸ್ಥಾನನಿರ್ದೇಶವೇ ಮುಖ್ಯವಾದ ಸುಳಿವು. ಸಣ್ಣಸಣ್ಣ, ಅನೇಕ, ಸ್ರಾವ ದಾಹ ಕಂಡೂಯುಕ್ತವಾದ ಗುಳ್ಳೆಗಳು ಪಾಮೆ. ಅವು ಉಗ್ರವಾಗಿ ಕೈಗಳಲ್ಲಿಯೂ ಪೃಷ್ಠಭಾಗದಲ್ಲಿಯೂ ಕಾಣಿಸಿದರೆ ಕಚ್ಛು ಎಂಬುದು ಮಾಧವನಿದಾನದ ಅಭಿಪ್ರಾಯ. ಕೈ, ಬೆರಳ ಸಂದು, ಪೃಷ್ಠಗಳು ಇಂದಿಗೂ ತುರಿಕಜ್ಜಿಯನ್ನು ಗುರುತಿಸುವ ಸ್ಥಾನಗಳೇ ಆಗಿವೆ. ಶೀತಪಿತ್ತ, ಉದರ್ದ, ಕೋಠಗಳಿಗೆ ಮಾಧವಕರನು ಕುಷ್ಠದಿಂದ ಬೇರೆಯಾದ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ತಣ್ಣನೆಯ ಗಾಳಿಯ ಸೋಂಕಿನಿಂದ, ಕಣಜ ಕಡಿದಂತೆ ಏಳುವ ಬಾವು ಎಂಬ ಅವನ ವರ್ಣನೆ ಪಿತ್ತಗಂಧೆಗೆ ಎಷ್ಟು ಸಮೀಪವಾಗಿದೆಯೆಂಬುದನ್ನು ಹೇಳಬೇಕಾಗಿಲ್ಲ. ಅನುಬಂಧವುಳ್ಳದ್ದು, ಅಂದರೆ ಬಿಡದೆ ಮರಳಿ ಬರುವಂಥದು, ಉತ್ಕೋಠವೆನಿಸುತ್ತದೆ. ಒಮ್ಮೆ ಬಂದು ಹೋಗುವ ತುರಿಕೆಗೂ ಮರುಕಳಿಸುವ ತುರಿಕೆಗೂ ಬೇರೆ ಬೇರೆ ಹೆಸರಿಟ್ಟ ಈ ಸೂಕ್ಷ್ಮತೆ ಪ್ರಶಂಸನೀಯ.

ಶಿಶುಗಳ ಬಗೆಗೇ ಹೇಳಿದ ರೋಗಗಳಲ್ಲಿ ಮೂರನ್ನು ಇಲ್ಲಿ ಉಲ್ಲೇಖಿಸಬಹುದು. ಮಲಮೂತ್ರ, ಬೆವರುಗಳನ್ನು ತೊಳೆಯದಿರುವುದರಿಂದ ಮಗುವಿನ ಗುದಪ್ರದೇಶದಲ್ಲಿ ನವೆಯುಂಟಾಗಿ, ಕೆರೆಯುವುದರಿಂದ ಗುಳ್ಳೆಯೂ ಸ್ರಾವವೂ ಹುಟ್ಟುವ ಅಹಿಪೂತನ ಮೊದಲನೆಯದು. ಗುಳ್ಳೆಯಿಂದ ನವೆಯಲ್ಲ, ನವೆ ಮೊದಲು, ಕೆರೆತದಿಂದ ಗುಳ್ಳೆ ಎಂಬ ಕ್ರಮವನ್ನು ಸುಶ್ರುತನು ಸ್ಪಷ್ಟವಾಗಿ ಗುರುತಿಸಿದ್ದಾನೆ. ಎರಡನೆಯದು ಕಾಶ್ಯಪಸಂಹಿತೆಯ ಚರ್ಮದಲ. ನೇಪಾಳದಲ್ಲಿ ದೊರೆತ ತ್ರುಟಿತ ತಾಡಪತ್ರಪ್ರತಿಯ ಆಧಾರದಿಂದ ೧೯೩೮ರಲ್ಲಿ ಪ್ರಕಟವಾದ ಈ ಗ್ರಂಥವು, ಹಾಲುಣ್ಣುವ ಹಾಗೂ ಹಾಲು ಅನ್ನಗಳೆರಡನ್ನೂ ಉಣ್ಣುವ ಶಿಶುಗಳಿಗೆ ಈ ರೋಗ ಬರುವುದೇಕೆಂಬ ಪ್ರಶ್ನೆಯನ್ನೆತ್ತಿ, ಅವುಗಳ ಮೈಯ ಸೌಕುಮಾರ್ಯವನ್ನೂ ಬೆವರು, ಬಟ್ಟೆ, ಮಲಮೂತ್ರ, ತಿಕ್ಕಾಟಗಳನ್ನೂ ಕಾರಣವಾಗಿ ಹೇಳುತ್ತದೆ. ಮೂರನೆಯದು ಬಾಲಗ್ರಹಗಳಲ್ಲಿ ಎಣಿಕೆಯಾದ ಶಕುನಿ. ಸೋರುವ ವ್ರಣಗಳಿಂದಲೂ ಉರಿಯುವ, ಕೀವಾಗುವ ಗುಳ್ಳೆಗಳಿಂದಲೂ ಮಗುವಿನ ಮೈಯೆಲ್ಲ ತುಂಬುವುದು ಅದರ ಲಕ್ಷಣ. ಆದ್ದರಿಂದ ‘ಗ್ರಹ’ವೆಂಬ ಶೀರ್ಷಿಕೆ ಕಂಡ ಮಾತ್ರಕ್ಕೆ ಆ ಗರಿಗಳು ಮಂತ್ರತಂತ್ರಕ್ಕೆ ಮಾತ್ರ ಸೇರಿದವೆಂದು ಬದಿಗಿಡಲಾಗದು, ಗ್ರಹದ ಹೆಸರಿನಡಿಯಲ್ಲಿ ಚರ್ಮರೋಗದ ನಿಶಿತವಾದ ವೀಕ್ಷಣೆ ಅಡಗಿರಬಹುದು. ಹಾಗೆಯೇ ಆ ವೀಕ್ಷಣೆಯ ಸತ್ಯತೆಯಿಂದ ಬಲಿವಿಧಾನವೂ ಸತ್ಯವಾಗುವುದಿಲ್ಲ.

ಈ ಸಂಸ್ಕೃತ ಪರಿಭಾಷೆ ಕನ್ನಡದ ಕೈಮದ್ದಿನ ಕಟ್ಟುಗಳಿಗೆ ಇಳಿದಾಗ ನಿಜವಾದ ತೊಡಕು ಪ್ರಾರಂಭವಾಗುತ್ತದೆ. ಕನ್ನಡದಲ್ಲಿ ‘ನವೆ’, ‘ತುರಿ’ಗಳು ಲಕ್ಷಣವಾಚಕಗಳು, ಯಾವ ರೋಗದ ನವೆಯೆಂಬುದನ್ನು ಅವು ಹೇಳವು. ‘ಕಜ್ಜಿ’ಯನ್ನು ಸಂಸ್ಕೃತ ಖರ್ಜುವಿನ ತದ್ಭವವೆಂದು ನಿಘಂಟುಕಾರರು ಹೇಳುತ್ತಾರೆ. ಮೂಲದಲ್ಲಿ ಅದು ಬರಿಯ ನವೆ. ಇಂದಿನ ಬಳಕೆಯಲ್ಲಿ ಕೀವಿನ ಗುಳ್ಳೆ, ತುರಿಕಜ್ಜಿ, ಮಗುವಿನ ತಲೆಯ ಹೊಪ್ಪಳೆ ಎಲ್ಲವೂ ಕಜ್ಜಿಯೇ. ಇದಕ್ಕಿಂತಲೂ ವಿಷಮವಾದದ್ದು ‘ದದ್ದು’. ಇಂದು ದದ್ದು ಎಂದರೆ ಮೈಮೇಲೆ ಒಮ್ಮೆಗೇ ಏಳುವ ಕೆಂಪು ಉಬ್ಬು. ಅದು ಪಿತ್ತಗಂಧೆಯ ಲಕ್ಷಣ. ಆದರೆ ಶಬ್ದವು ದದ್ರುವಿನ ತದ್ಭವ. ದದ್ರುವೆಂದರೆ ಮಂಡಲಾಕಾರವಾಗಿ ಹಬ್ಬುವ ಹುಳುಕಡ್ಡಿ. ಹಳೆಯ ಓಲೆಯಲ್ಲಿ ‘ದದ್ದಿಗೆ ಲೇಪ’ವೆಂದು ಬಂದಾಗ ಅದು ತಗಚೆಯ ಬೀಜದಂತಹ ದದ್ರುಘ್ನ ದ್ರವ್ಯಗಳನ್ನು ಹೇಳುತ್ತಿದ್ದರೆ ಅಲ್ಲಿ ಹುಳುಕಡ್ಡಿಯೇ ವಿವಕ್ಷಿತವೆಂದು ತಿಳಿಯಬೇಕು. ತಗಚೆಗೆ ಸಂಸ್ಕೃತದಲ್ಲಿ ಚಕ್ರಮರ್ದವೆಂಬಂತೆ ದದ್ರುಘ್ನವೆಂಬ ಹೆಸರೂ ಇರುವುದು ಈ ನಿರ್ಣಯಕ್ಕೆ ಸಹಾಯಕ. ಟಿಪ್ಪಣಿಯಿಲ್ಲದೆ ಅದನ್ನು ಮುದ್ರಿಸಿದರೆ, ಪಿತ್ತಗಂಧೆಯೆದ್ದ ಮಗುವಿನ ಮೈಗೆ ತಾಯಿಯೊಬ್ಬಳು ಆ ಲೇಪವನ್ನು ಹಚ್ಚುವಳು.

ಇದಕ್ಕೆ ಪ್ರತಿಯಾದ ಪ್ರಮಾದ ನಮ್ಮ ಕಾಲದ ಔಷಧದ ಅಂಗಡಿಗಳಲ್ಲಿಯೂ ನಡೆಯುತ್ತಿದೆ. ಹುಳುಕಡ್ಡಿಯನ್ನು ಅಲರ್ಜಿಯೆಂದು ಭಾವಿಸಿ ಸ್ಟೀರಾಯ್ಡ್ ಮುಲಾಮನ್ನು ಹಚ್ಚಿದರೆ ತುರಿಕೆ ತಗ್ಗಿದಂತೆ ತೋರುತ್ತದೆ, ಶಿಲೀಂಧ್ರ ಮಾತ್ರ ರೂಪ ಮರೆಸಿಕೊಂಡು ಹಬ್ಬುತ್ತದೆ. ಶಬ್ದದ ಸಂದಿಗ್ಧತೆ ಓಲೆಗರಿಗೆ ಮಾತ್ರ ಅಂಟಿದ ದೋಷವಲ್ಲವೆಂಬುದಕ್ಕೆ ಇದು ಸಾಕ್ಷಿ.

ದ್ರವ್ಯನಾಮಗಳಲ್ಲಿ ‘ಗೇರು’ ಒಂದು ಎಚ್ಚರಿಕೆಯ ಗಂಟೆ. ಇಂದು ಕರಾವಳಿಯಲ್ಲಿ ಗೇರುಬೀಜವೆಂದರೆ ಗೋಡಂಬಿ. ಆದರೆ ಗೋಡಂಬಿಯ ಮರವನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ಭಾರತಕ್ಕೆ ತಂದರು. ಅದಕ್ಕೆ ಹಿಂದಿನ ಕನ್ನಡ ಗ್ರಂಥಗಳ ಗೇರು ಭಲ್ಲಾತಕವೇ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು. ಭಲ್ಲಾತಕವನ್ನು ಕುಷ್ಠಹರವೆಂದು ಶಾಸ್ತ್ರಗಳು ಹೊಗಳುತ್ತವೆ. ಅದರ ಜೊತೆಗೇ ಅದು ತೀಕ್ಷ್ಣ, ಬೇಯಿಸುವಂಥದು, ಬೆಂಕಿಗೆ ಸಮ, ವಿಧಿಯರಿತು ಮಾತ್ರ ಬಳಸತಕ್ಕದ್ದು ಎಂದು ಚರಕನು ಎಚ್ಚರಿಸುತ್ತಾನೆ. ಅದರ ಎಣ್ಣೆ ಸೋಕಿದಲ್ಲಿ ಬೊಕ್ಕೆಯೇಳುವುದು ಅನುಭವಸಿದ್ಧ. ಇಂದಿನ ಚರ್ಮವೈದ್ಯರು ಅದನ್ನು ಸ್ಪರ್ಶದಿಂದ ಬರುವ ಅಲರ್ಜಿಯ ಪ್ರಬಲ ಕಾರಣಗಳಲ್ಲಿ ಎಣಿಸುತ್ತಾರೆ. ಅಂದರೆ ತುರಿಕೆಯ ಮದ್ದೆಂದು ಬರೆದ ವಸ್ತುವೇ ತುರಿಕೆಯ ಹೇತುವಾಗಬಲ್ಲದು. ‘ಗೇರಿನೆಣ್ಣೆ’ ಎಂಬ ಪಾಠದ ಮುಂದೆ ಸಂಪಾದಕನು ಮೌನವಾಗಿರುವುದು ಹೇಗೆ?

ಖನಿಜದ್ರವ್ಯಗಳ ವಿಷಯ ಇನ್ನೂ ಗಂಭೀರ. ಪಾಮೆ, ಕಚ್ಛುಗಳ ಲೇಪ ತೈಲಗಳಲ್ಲಿ ಗಂಧಕ, ಮನಃಶಿಲೆ, ಹರಿತಾಳ, ಸಿಂದೂರ, ಪಾದರಸಗಳು ಪದೇ ಪದೇ ಬರುತ್ತವೆ. ಇವೆಲ್ಲವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಗಂಧಕವು ತುರಿಕಜ್ಜಿಯ ಹುಳುವಿನ ಮೇಲೆ ಪರಿಣಾಮಕಾರಿ. ತೀರ ಎಳೆಯ ಶಿಶುಗಳಿಗೆ ಅದರ ಮುಲಾಮನ್ನು ವೈದ್ಯರು ಇಂದಿಗೂ ವಿಧಿಸುವುದುಂಟು. ಆದರೆ ಅದೇ ಗಂಧಕ ಒಣ ಇಸುಬಿನ ಚರ್ಮವನ್ನು ಮತ್ತಷ್ಟು ಒಣಗಿಸಿ ಕೆರಳಿಸುತ್ತದೆ. ಮನಃಶಿಲೆ, ಹರಿತಾಳಗಳು ಪಾಷಾಣದ ಸಂಯುಕ್ತಗಳು, ಸಿಂದೂರ ಸೀಸದ್ದು. ದೊಡ್ಡವರಿಗಿಂತ ಮಕ್ಕಳಲ್ಲಿ ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಕೆರೆದು ಬಿರಿದ ಚರ್ಮದ ಮೂಲಕ ಹಚ್ಚಿದ್ದು ಒಳಗಿಳಿಯುವುದೂ ಹೆಚ್ಚು. ಹಚ್ಚಿದ ಕೈ ಬಾಯಿಗೆ ಹೋಗುವುದಂತೂ ತಪ್ಪಿದ್ದಲ್ಲ. ಸೀಸವು ಬೆಳೆಯುವ ಮಗುವಿನ ಮಿದುಳಿಗೆ ಎಷ್ಟು ಅಲ್ಪಪ್ರಮಾಣದಲ್ಲಿಯೂ ಹಿತವಲ್ಲ. ಇದರ ಮೇಲೆ ಲಿಪಿದೋಷದ ಭಯ ಬೇರೆ. ಗರಿಯ ಅಂಚನ್ನು ಹುಳು ತಿಂದಿದ್ದರೆ ‘ಗಂಧಕ’ದ ಕಡೆಯ ಅಕ್ಷರ ಹೋಗಿ ‘ಗಂಧ’ವಾಗುತ್ತದೆ, ಶ್ರೀಗಂಧಕ್ಕೂ ಗಂಧಕಕ್ಕೂ ಇರುವ ದೂರ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು. ಹಣ, ಗದ್ಯಾಣ, ಪಲ ಮೊದಲಾದ ತೂಕಗಳು ಕಾಲದೇಶಗಳಿಗೆ ತಕ್ಕಂತೆ ಬೇರೆಬೇರೆಯಾಗಿದ್ದವು. ಅವನ್ನು ಒಂದೇ ಸಮನೆ ಗ್ರಾಮುಗಳಿಗೆ ಪರಿವರ್ತಿಸಿ ಮುದ್ರಿಸುವುದು ಶಾಸ್ತ್ರೀಯತೆಯ ಆಭಾಸವನ್ನು ಕೊಡುತ್ತದೆಯೇ ಹೊರತು ಶಾಸ್ತ್ರೀಯತೆಯನ್ನಲ್ಲ.

ಜೈನ ವೈದ್ಯಗ್ರಂಥಗಳಿಗೇ ವಿಶಿಷ್ಟವಾದ ಒಂದು ಪಾಠಪರೀಕ್ಷೆಯೂ ಉಂಟು. ಮದ್ಯ, ಮಾಂಸ, ಮಧುಗಳ ವರ್ಜನೆ ಈ ಸಂಪ್ರದಾಯದ ಮುಖ್ಯ ಲಕ್ಷಣ. ಉಗ್ರಾದಿತ್ಯನು ಮಾಂಸಭಕ್ಷಣದ ನಿರರ್ಥಕತೆಯನ್ನು ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದ ವಿಷಯವು ಹಿತಾಹಿತಾಧ್ಯಾಯದಿಂದ ಪ್ರಸಿದ್ಧವಾಗಿದೆ. ಇತರ ಗ್ರಂಥಗಳಲ್ಲಿ ಮಕ್ಕಳ ಮದ್ದಿಗೆಲ್ಲ ಜೇನು ಅನುಪಾನವಾದರೆ ಇಲ್ಲಿ ಅದಕ್ಕೆ ಎಡೆಯಿಲ್ಲ. ಹೀಗಿರುವಾಗ ಜೈನಕೃತಿಯ ಪ್ರತಿಯೊಂದರಲ್ಲಿ ‘ಮಧು’ವೆಂಬ ಪಾಠ ಬಂದರೆ ಸಂಪಾದಕನು ಮೂರು ಸಾಧ್ಯತೆಗಳನ್ನು ನೋಡಬೇಕು: ಅದು ‘ಮಧುಕ’, ಎಂದರೆ ಅತಿಮಧುರವಾಗಿರಬಹುದು, ‘ಮಧೂಕ’, ಎಂದರೆ ಹಿಪ್ಪೆಯಾಗಿರಬಹುದು, ಅಥವಾ ಅನ್ಯಗ್ರಂಥದಿಂದ ಲಿಪಿಕಾರನು ತಂದು ಸೇರಿಸಿದ ಯೋಗವಾಗಿರಬಹುದು. ಹಾಗೆಂದು ಕಂಡಕಂಡಲ್ಲಿ ‘ಮಧು’ವನ್ನು ತಿದ್ದುವುದೂ ಅನ್ಯಾಯ, ಪಾಠಾಂತರವನ್ನು ಉಳಿಸಿ ಸಂದೇಹವನ್ನು ಸೂಚಿಸುವುದೇ ಕ್ರಮ.

ಈ ಸಂದರ್ಭದಲ್ಲಿ ಇನ್ನೊಂದು ಮಾತು. ಒಂದು ವರ್ಷ ತುಂಬದ ಶಿಶುವಿಗೆ ಜೇನು ಕೊಡಬಾರದೆಂಬುದು ಇಂದಿನ ವೈದ್ಯರ ದೃಢವಾದ ಅಭಿಪ್ರಾಯ. ಜೇನಿನಲ್ಲಿರಬಹುದಾದ ಒಂದು ಸೂಕ್ಷ್ಮಜೀವಿಯ ಬೀಜಾಣುಗಳಿಂದ ಶಿಶುಗಳಿಗೆ ಪಾರ್ಶ್ವವಾಯುವಿನಂತಹ ಬೊಟ್ಯುಲಿಸಮ್ ರೋಗ ಬರುವುದು ೧೯೭೬ರಲ್ಲಿ ಗುರುತಿಸಲ್ಪಟ್ಟಿತು. ಇದನ್ನು ಹಿಡಿದು ನಮ್ಮ ಆಚಾರ್ಯರು ಅದನ್ನು ಮೊದಲೇ ಅರಿತಿದ್ದರೆಂದು ಹೇಳಿಕೊಳ್ಳುವ ಆಸೆ ಸಹಜ. ಅದಕ್ಕೆ ವಶರಾಗುವುದು ಉಚಿತವಲ್ಲ. ಅವರು ಮಧುವನ್ನು ಬಿಟ್ಟದ್ದು ಜೀವದಯೆಯಿಂದ. ಆ ಕಾರಣವು ತನ್ನಷ್ಟಕ್ಕೇ ದೊಡ್ಡದು. ಅದಕ್ಕೆ ಹೊರಗಿನ ಊರುಗೋಲು ಬೇಕಾಗಿಲ್ಲ.

ಇಂಥದೇ ಸಂಯಮ ‘ದೂಷೀವಿಷ’ದ ವಿಷಯದಲ್ಲಿಯೂ ಬೇಕು. ಪೂರ್ಣವಾಗಿ ಹೊರಹೋಗದೆ ದೇಹದಲ್ಲಿ ಉಳಿದು, ಮೋಡ, ತಂಪು, ಗಾಳಿಗಳ ದಿನ ಕೆರಳಿ, ಮೈಮೇಲೆ ಮಂಡಲ ಕೋಠಗಳನ್ನು ಎಬ್ಬಿಸುವ ಶೇಷವಿಷವೆಂದು ಸುಶ್ರುತನ ಕಲ್ಪಸ್ಥಾನ ಅದನ್ನು ವರ್ಣಿಸುತ್ತದೆ. ಇದನ್ನೇ ಅಲರ್ಜಿಯೆಂದು ಸಮೀಕರಿಸುವ ಆಧುನಿಕ ಬರಹಗಳು ಅನೇಕ ಬಂದಿವೆ. ‘ಖಗೇಂದ್ರಮಣಿದರ್ಪಣ’ದಂತಹ ವಿಷಗ್ರಂಥದ ಯೋಗಗಳನ್ನು ಮಕ್ಕಳ ತುರಿಕೆಗೆ ಅನ್ವಯಿಸುವ ಯತ್ನಕ್ಕೂ ಈ ಸಮೀಕರಣವೇ ಆಧಾರವಾಗಬಲ್ಲದು. ಹೋಲಿಕೆ ಇರುವುದು ಮರುಕಳಿಸುವಿಕೆಯಲ್ಲಿ ಮತ್ತು ಕೆರಳಿಸುವ ನಿಮಿತ್ತವೊಂದಿರುವುದರಲ್ಲಿ. ಭೇದವಿರುವುದು ಮೂಲದಲ್ಲಿ: ದೂಷೀವಿಷದಲ್ಲಿ ಒಳಗೆ ವಿಷವೊಂದು ಕುಳಿತಿದೆ, ಅಲರ್ಜಿಯಲ್ಲಿ ಹಾಲು, ಧೂಳು, ಪರಾಗದಂತಹ ನಿರಪಾಯ ವಸ್ತುವನ್ನು ದೇಹವೇ ವೈರಿಯೆಂದು ಬಗೆಯುತ್ತದೆ. ವಿಷವಿದ್ದರೆ ಅದನ್ನು ಹೊರಗೆಡಹಲು ವಮನ ವಿರೇಚನಗಳಿಗೆ ಅರ್ಥವುಂಟು. ಇಲ್ಲದ ವಿಷವನ್ನು ಹೊರಗೆಡಹಲು ಹೋಗಿ ಕೂಸನ್ನು ಬಳಲಿಸುವುದಕ್ಕೆ ಯಾವ ಅರ್ಥವೂ ಇಲ್ಲ.

ತುರಿಕಜ್ಜಿಯ ಸಂಬಂಧದಲ್ಲಿ ಶ್ರಾವಕರನ್ನು ಕಾಡಬಹುದಾದ ಪ್ರಶ್ನೆಯೊಂದಿದೆ. ಅದರ ಹೇತುವಾದ ಹುಳುವನ್ನು ಇಟಲಿಯ ಬೊನೋಮೊ ಮತ್ತು ಚೆಸ್ಟೋನಿ ಎಂಬವರು ೧೬೮೭ರಲ್ಲಿ ಸೂಕ್ಷ್ಮದರ್ಶಕದಿಂದ ನೋಡಿ ವರ್ಣಿಸಿದರು. ರಕ್ತಜಕ್ರಿಮಿಗಳಲ್ಲಿ ಕೆಲವು ಸೂಕ್ಷ್ಮತೆಯಿಂದಾಗಿ ಅದೃಶ್ಯವೆಂಬ ಚರಕನ ಮಾತು ಇದೇ ಹುಳುವನ್ನು ಕುರಿತದ್ದೆನ್ನಲು ಆಧಾರವಿಲ್ಲ. ಹುಳುವೆಂದ ಮೇಲೆ ಅದು ತ್ರಸಜೀವ. ಮದ್ದು ಹಚ್ಚಿದರೆ ಸಾಯುತ್ತದೆ. ಆದರೆ ಗೃಹಸ್ಥನ ಅಹಿಂಸಾಣುವ್ರತವು ವರ್ಜಿಸಹೇಳುವುದು ಸಂಕಲ್ಪೀ ಹಿಂಸೆಯನ್ನು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಯತ್ನಪೂರ್ವಕವಾಗಿ ತಗ್ಗಿಸಬೇಕೆಂಬುದು ಪರಂಪರೆಯ ವಿವೇಚನೆ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಮೈ ಪರಚಿಕೊಳ್ಳುವ ಕೂಸಿನ ರಕ್ಷಣೆಯಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಮನೆಮಂದಿಯೆಲ್ಲ ಒಂದೇ ದಿನ ಮದ್ದು ಹಚ್ಚಿಕೊಂಡು, ಹಾಸಿಗೆ ಬಟ್ಟೆಗಳನ್ನು ಶುಚಿಗೊಳಿಸಿ ರೋಗವನ್ನು ಒಮ್ಮೆಗೇ ತೊಲಗಿಸುವುದು, ಅರೆಮನಸ್ಸಿನ ಚಿಕಿತ್ಸೆಯಿಂದ ತಿಂಗಳುಗಟ್ಟಲೆ ಹುಳುಗಳನ್ನು ಬೆಳೆಸಿ ಕೊಲ್ಲುತ್ತ ಹೋಗುವುದಕ್ಕಿಂತ ಅಲ್ಪಹಿಂಸೆಯ ದಾರಿಯೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ತುರಿಕಜ್ಜಿಯನ್ನು ಅಲಕ್ಷಿತ ಉಷ್ಣವಲಯ ರೋಗಗಳ ಸಾಲಿಗೆ ಸೇರಿಸಿರುವುದು ಈ ರೋಗ ಇಂದಿಗೂ ಎಷ್ಟು ವ್ಯಾಪಕವೆಂಬುದನ್ನು ತೋರಿಸುತ್ತದೆ.

ಹಾಗಾದರೆ ಹಸ್ತಪ್ರತಿಗಳಿಂದ ಇಂದಿನ ತಾಯಿತಂದೆಯರಿಗೆ ಪ್ರಯೋಜನವೇ ಇಲ್ಲವೆ? ಇದೆ, ಅದು ಔಷಧಯೋಗಗಳಲ್ಲಿ ಇರುವುದಕ್ಕಿಂತ ಪಥ್ಯವಿಧಿಯಲ್ಲಿ ಹೆಚ್ಚಾಗಿದೆ. ಮರುಕಳಿಸುವ ವ್ಯಾಧಿಯನ್ನು ಒಂದು ಮದ್ದಿನಿಂದ ಕಡಿದು ಹಾಕುವುದಕ್ಕಿಂತ ನಿದಾನಪರಿವರ್ಜನದಿಂದ, ಎಂದರೆ ಕೆರಳಿಸುವ ಹೇತುವನ್ನು ದೂರವಿಡುವುದರಿಂದ, ಅಂಕೆಯಲ್ಲಿಡಬೇಕೆಂಬುದು ಆಯುರ್ವೇದದ ಸಾಮಾನ್ಯ ಸಿದ್ಧಾಂತ. ಇಸುಬಿಗೆ ಇಂದಿನವರು ಹೇಳುವುದೂ ಅದನ್ನೇ: ಉಗುರುಬೆಚ್ಚಗಿನ ನೀರಿನ ಅಲ್ಪಕಾಲದ ಸ್ನಾನ, ಖಾರವಾದ ಸಾಬೂನಿನ ವರ್ಜನೆ, ಮೈ ಒದ್ದೆಯಿರುವಾಗಲೇ ದಿನವೂ ಸ್ನಿಗ್ಧಲೇಪ, ನುಣುಪಾದ ಹತ್ತಿಬಟ್ಟೆ, ಕತ್ತರಿಸಿದ ಉಗುರು, ಬೆವರು ನಿಲ್ಲದಂತೆ ಎಚ್ಚರ. ಉಲ್ಬಣಿಸಿದಾಗ ವೈದ್ಯರು ಗೊತ್ತುಪಡಿಸಿದ ಸ್ಟೀರಾಯ್ಡ್ ಮುಲಾಮನ್ನು ಗೊತ್ತುಪಡಿಸಿದಷ್ಟು ದಿನ ಹಚ್ಚಬೇಕು. ಅದಕ್ಕೆ ಅಂಜಿ ಬಿಡುವುದೂ, ಕೇಳದೆ ಮುಂದುವರಿಸುವುದೂ ಎರಡೂ ತಪ್ಪು. ಪಿತ್ತಗಂಧೆಗೆ ಆಂಟಿಹಿಸ್ಟಮಿನ್ ಔಷಧಗಳಿವೆ. ದದ್ದಿನೊಡನೆ ತುಟಿ, ನಾಲಿಗೆಗಳು ಬಾತು ಉಸಿರಾಟಕ್ಕೆ ತೊಂದರೆಯಾದರೆ ಕೈಮದ್ದಿಗೆ ಅವಕಾಶವಿಲ್ಲ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಪ್ರಾಚೀನರಿಗೂ ಇಂದಿನವರಿಗೂ ಭೇದವಿರುವ ಎಡೆಯನ್ನೂ ಮುಚ್ಚಿಡಬಾರದು. ಹಾಲುಣ್ಣುವ ಕೂಸಿನ ರೋಗಕ್ಕೆ ತಾಯಿಯ ದುಷ್ಟಸ್ತನ್ಯವನ್ನು ಕಾರಣವೆಂದು ಹಳೆಯ ಗ್ರಂಥಗಳು ಹೇಳಿ ಅವಳಿಗೆ ಕಠಿಣವಾದ ಪಥ್ಯವನ್ನು ವಿಧಿಸುತ್ತವೆ. ಪರೀಕ್ಷಿಸದೆ ತಾಯಿಯ ಊಟವನ್ನಾಗಲಿ ಮಗುವಿನ ಊಟವನ್ನಾಗಲಿ ಕಡಿತಗೊಳಿಸುವುದು ಅಪೌಷ್ಟಿಕತೆಗೆ ದಾರಿಯೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ; ಎದೆಹಾಲನ್ನು ನಿಲ್ಲಿಸಬಾರದೆಂದೂ ಹೇಳುತ್ತಾರೆ. ಮಗುವಿನ ತುರಿಕೆಗೆ ತಾಯಿಯನ್ನು ದೂರುವ ಮಾತು ಓಲೆಯಲ್ಲಿದ್ದರೆ, ಅದನ್ನು ಇತಿಹಾಸವೆಂದು ಮುದ್ರಿಸೋಣ, ಉಪದೇಶವೆಂದಲ್ಲ.

ಮೇಲಿನ ವಿವೇಚನೆಯಿಂದ ವೈದ್ಯ ಹಸ್ತಪ್ರತಿಗಳ ಸಂಪಾದನೆಗೆ ಕೆಲವು ಸೂಚನೆಗಳು ಫಲಿಸುತ್ತವೆ. ರೋಗನಾಮವನ್ನು ಮೂಲದಲ್ಲಿರುವಂತೆಯೇ ಉಳಿಸಿ, ಅದರ ಲಕ್ಷಣ, ಸ್ಥಾನ, ಕಾಲಗಳನ್ನು ಟಿಪ್ಪಣಿಯಲ್ಲಿ ವಿವರಿಸಬೇಕು. ‘ಅಲರ್ಜಿ’ ಎಂದು ಅನುವಾದಿಸಬಾರದು. ದ್ರವ್ಯನಾಮವನ್ನು ಗ್ರಂಥದ ಕಾಲ ಮತ್ತು ಸೀಮೆಯ ಬಳಕೆಯಿಂದ ನಿರ್ಣಯಿಸಬೇಕು. ನಿರ್ಣಯವಾಗದಿದ್ದರೆ ಹಾಗೆಂದು ಬರೆಯಬೇಕು. ಪಾಷಾಣ, ಸೀಸ, ಪಾದರಸ, ಭಲ್ಲಾತಕಗಳುಳ್ಳ ಯೋಗಗಳ ಕೆಳಗೆ, ವಿಶೇಷವಾಗಿ ಮಕ್ಕಳ ಪ್ರಕರಣದಲ್ಲಿ, ಅಪಾಯದ ಸೂಚನೆ ಅದೇ ಪುಟದಲ್ಲಿರಬೇಕು. ಪೀಠಿಕೆಯ ಮೂಲೆಯಲ್ಲಿದ್ದರೆ ಸಾಲದು. ತೂಕ ಅಳತೆಗಳನ್ನು ಮೂಲದಂತೆಯೇ ಬಿಡಬೇಕು. ಆಯುರ್ವೇದ ಬಲ್ಲವರೊಬ್ಬರೂ ಮಕ್ಕಳ ವೈದ್ಯರೊಬ್ಬರೂ ಕರಡನ್ನು ನೋಡದೆ ಅದು ಅಚ್ಚಿಗೆ ಹೋಗಬಾರದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ನಮ್ಮ ಪರಂಪರೆಯಲ್ಲಿ ಶ್ರಾವಕನ ಕರ್ತವ್ಯಗಳೆನಿಸಿವೆ. ಹಾಳಾಗುತ್ತಿರುವ ವೈದ್ಯದ ಓಲೆಯೊಂದನ್ನು ಓದಿ ಬೆಳಕಿಗೆ ತರುವವನು ಶಾಸ್ತ್ರದಾನವನ್ನೂ ಔಷಧದಾನವನ್ನೂ ಒಟ್ಟಿಗೆ ಮಾಡುತ್ತಾನೆ. ಆದರೆ ಆ ಪುಟವನ್ನು ನಂಬಿ ಮದ್ದು ಅರೆಯುವ ತಾಯಿಯ ಮಡಿಲಲ್ಲಿರುವ ಕೂಸಿಗೆ ಅದರಿಂದ ಭಯವಿಲ್ಲವೆಂಬ ಭರವಸೆಯನ್ನೂ ಅವನೇ ಕೊಡಬೇಕು. ಅಭಯವಿಲ್ಲದ ಔಷಧದಾನ ದಾನವೆನಿಸದು. ಮೇಘನಾದನ ಶಿಶುವೈದ್ಯ ಎಂದಾದರೂ ಯಾವುದಾದರೂ ಭಂಡಾರದ ಅಟ್ಟದಿಂದ ಕೆಳಗಿಳಿದು ಬಂದರೆ, ಅದನ್ನು ಈ ಎಚ್ಚರದಿಂದ ಬರಮಾಡಿಕೊಳ್ಳುವ ಯೋಗ್ಯತೆಯನ್ನು ನಾವು ಈಗಿನಿಂದಲೇ ಸಂಪಾದಿಸಿಕೊಳ್ಳಬೇಕಾಗಿದೆ.